ಕಾಲುವೆ ಈಜು ಕಡಲಿಗೆ ಸಾಕಾ?

ಮಂಗಳೂರು ಕಡೆಯ ಮೂಲ್ಕಿ ಹತ್ತಿರದ ಒಂದು ಮೀನುಗಾರರ ಹಳ್ಳಿಯಲ್ಲಿ, ಸರ್ಫಿಂಗ್ (ಹಲಗೆಯಂಥ ಬೋರ್ಡ್ ಮೇಲೆ ನಿಂತು ಅಲೆ ಸವಾರಿ ಮಾಡೋದು) ಕಲಿಸುವ ಕ್ಯಾಂಪಿನಲ್ಲಿ ಹನ್ನೆರಡು ದಿನ ಇದ್ದು ಬಂದೆ ಅಂತ ಹೋದ ಸಂಚಿಕೆಯಲ್ಲಿ ಎರಡೇ ಸಾಲು ಬರೆದಿದ್ದೆ. ಬೇರೇನೋ ಹೇಳುವಾಗ ಬಂದ ಮಾತು ಅದು. ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ ಇವೆ. ಬಳ್ಳಾರಿ ಬಿಸಿಲಲ್ಲಿ ಕೂತು ಕಡಲಿನ ಬಗ್ಗೆ ಬರೆಯೋದೂ ಒಂದು ಸುಖ. ಉಳಿದ ಪ್ರಶ್ನೆಗಳು ಮುಂದಿನ ಸಲಕ್ಕೆ ಇರಲಿ.

ಪ್ರಶ್ನೆ: ನಾನು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಚಿಕ್ಕಂದಿನಿಂದ ಈಜಿದವನು. ಕ್ಯಾಂಪಿನಲ್ಲಿ ಮೊದಲ ದಿನವೇ ಸಮುದ್ರದ ಒಳಗೆ ಬಿಡುತ್ತಾರಾ? (ಸಿಂಧನೂರಿನ ಯುವಕ, 24 ವರ್ಷ)

ಉತ್ತರ: ಬಿಡುತ್ತಾರೆ ತಮ್ಮಾ, ಸೊಂಟದ ಮಟ್ಟದ ನೀರಿಗೆ. ಅದಕ್ಕೂ ಮೊದಲು ಮರಳಿನ ಮೇಲೆ ಬೋರ್ಡ್ ಇಟ್ಟು, ಅದರ ಮೇಲೆ ಬೋರಲು ಮಲಗಿಸಿ, ಒಂದೇ ಏಟಿಗೆ ಎದ್ದು ನಿಲ್ಲೋದನ್ನು ಮೂವತ್ತು ನಲವತ್ತು ಸಲ ಮಾಡಿಸುತ್ತಾರೆ. ಅದಕ್ಕೆ ಪಾಪ್ ಅಪ್ ಅನ್ನುತ್ತಾರೆ. ದಡದಲ್ಲಿ ಓಡಾಡುವ ನಾಯಿಗಳು ನಿಂತು ನೋಡುತ್ತವೆ, ಸ್ವಲ್ಪ ನಾಚಿಕೆ ಆಗುತ್ತದೆ.

ನಾನೂ ನಿನ್ನ ಧೈರ್ಯದಲ್ಲೇ ಹೋಗಿದ್ದೆ. ಕಾರಟಗಿ ಕಡೆ ಅದೇ ಕಾಲುವೆಯಲ್ಲಿ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನ್ ಕಟ್ಟಿಸಿಕೊಂಡು ಈಜು ಕಲಿತವನು ನಾನು. ಆದರೆ ಕಾಲುವೆ ನೀರಿಗೆ ಒಂದೇ ಬುದ್ಧಿ, ಮೇಲಿಂದ ಬರುತ್ತದೆ, ಕೆಳಗೆ ಹೋಗುತ್ತದೆ. ಕಡಲು ಹಾಗಲ್ಲ. ಮುಂದೆ ತಳ್ಳುತ್ತದೆ, ಹಿಂದೆ ಎಳೆಯುತ್ತದೆ, ಅಡ್ಡಕ್ಕೂ ಜಗ್ಗುತ್ತದೆ, ಹೋಗುವಾಗ ಕಾಲಡಿಯ ಮರಳನ್ನೂ ಕಿತ್ತುಕೊಂಡು ಹೋಗುತ್ತದೆ. ಬೋರ್ಡನ್ನು ಪಕ್ಕದಲ್ಲಿ ಹಿಡಿಯಬೇಕು, ನಮಗೂ ಅಲೆಗೂ ನಡುವೆ ತರಬಾರದು ಅಂತ ಬೆಳಿಗ್ಗೆಯೇ ಹೇಳಿದ್ದರು. ಎರಡನೇ ದಿನ ನಾನು ಮರೆತು ಅದನ್ನು ಬಾಗಿಲ ಹಾಗೆ ಎದುರಿಗೇ ಹಿಡಿದೆ. ಮೊಣಕಾಲೆತ್ತರದ ಒಂದು ಅಲೆ ಬಂತು, ಬಾಗಿಲನ್ನು ಮುಖಕ್ಕೇ ಬಡಿಯಿತು. ಮೇಲ್ದುಟಿ ಒಡೆಯಿತು. ಮೂರು ದಿನ ಚಹಾ ಕುಡಿಯುವಾಗೆಲ್ಲ ಉರಿ.

ಇದು ನಗೋ ಮಾತು. ಇನ್ನೊಂದಿದೆ, ಅದು ನಗೋ ಮಾತಲ್ಲ. ದಡಕ್ಕೆ ಬಂದ ನೀರು ವಾಪಸ್ ಹೋಗಲೇಬೇಕಲ್ಲ, ಕೆಲವು ಕಡೆ ಅದು ಕಿರಿದಾದ ಓಣಿ ಮಾಡಿಕೊಂಡು ಜೋರಾಗಿ ಹೋಗುತ್ತದೆ. ಅದೇ ರಿಪ್ ಕರೆಂಟ್. ಎರಡೂ ಪಕ್ಕ ಬಿಳಿ ನೊರೆ ಇರುತ್ತದೆ, ನಡುವೆ ನೊರೆ ಇಲ್ಲದ ಕಪ್ಪು ಪಟ್ಟಿ ಶಾಂತವಾಗಿ ಕಾಣುತ್ತದೆ, ಹೊಸಬರು ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಈಜಬೇಡ. ಒಲಿಂಪಿಕ್ ಈಜುಗಾರನೂ ಸೋಲುವಷ್ಟು ವೇಗ ಅದಕ್ಕೆ ಬರಬಹುದು. ದಡದ ಉದ್ದಕ್ಕೆ ಈಜಿ ಆ ಓಣಿಯಿಂದ ಆಚೆ ಬಾ, ಆಮೇಲೆ ದಡಕ್ಕೆ ತಿರುಗು. ಸುಸ್ತಾದರೆ ಸುಮ್ನೆ ತೇಲುತ್ತಾ ಕೈ ಎತ್ತು. ಬೋರ್ಡನ್ನು ಮಾತ್ರ ಬಿಡಬೇಡ, ಆಗ ಅದೇ ನಿನ್ನ ದೋಣಿ. ಕಾಲುವೆಯಲ್ಲಿ ಮೆಟ್ಟಿಲು ಕಂಡ ಕಡೆ ನುಗ್ಗೋ ಚಾಳಿ ನಮ್ಮದು. ಅದನ್ನು ಊರಲ್ಲೇ ಬಿಟ್ಟು ಹೋಗು.

ಪ್ರಶ್ನೆ: ಕ್ಯಾಂಪಿನಲ್ಲಿ ಬೆಳಗಾಗುವ ಮೊದಲೇ ಎಬ್ಬಿಸುತ್ತಾರಂತೆ. ರಜೆಗೆ ಹೋದವರಿಗೆ ಇದೆಂಥ ಶಿಕ್ಷೆ? (ಸಿರುಗುಪ್ಪದ ಶಿಕ್ಷಕರು)

ಉತ್ತರ: ಶಿಕ್ಷೆ ಅಲ್ಲ ಸರ್, ಗಾಳಿಯ ಲೆಕ್ಕ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೀರು ತಡವಾಗಿ. ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಬರುವ ಅಲೆಗೆ ಎದುರು ಗಾಳಿ ಸಿಕ್ಕಿ ಅದು ಸ್ವಲ್ಪ ಹೊತ್ತು ನಿಂತು, ನೀಟಾಗಿ ಮಗುಚುತ್ತದೆ. ಹನ್ನೊಂದರ ಮೇಲೆ ನೆಲ ಕಾದು ಗಾಳಿ ತಿರುಗುತ್ತದೆ, ಆಗ ಕಡಲೆಲ್ಲ ಕಲಕಿದ ಮಜ್ಜಿಗೆ. ಇದನ್ನು ನೀವೇ ಮಕ್ಕಳಿಗೆ ಪಾಠ ಮಾಡಿರುತ್ತೀರಿ ಬಿಡಿ, ನೆಲಗಾಳಿ ಕಡಲಗಾಳಿ ಅಂತ.

ಆರಕ್ಕೆ ನೀರಿಗಿಳಿದರೆ ಎಂಟೂವರೆಗೆ ಮೇಲೆ. ಆಮೇಲೆ ತಿಂಡಿ, ಬೋರ್ಡಿಗೆ ಸಿಹಿನೀರು ಹಾಕಿ ತೊಳೆಯೋದು, ನಿದ್ದೆ. ನಿಜ ಹೇಳಬೇಕಂದ್ರೆ ಕ್ಯಾಂಪಿನ ಬದುಕು ಮುಕ್ಕಾಲು ಪಾಲು ಕಾಯೋದೇ. ಅಡುಗೆಮನೆ ಗೋಡೆಗೆ ಭರತ ಇಳಿತದ ಹೊತ್ತು ಬರೆದ ಚೀಟಿ ಅಂಟಿಸಿರುತ್ತಾರೆ, ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ. ಮೂರನೇ ದಿನದ ಹೊತ್ತಿಗೆ ಫೋನಿಗಿಂತ ಜಾಸ್ತಿ ಆ ಚೀಟಿ ನೋಡುತ್ತಿದ್ದೆ. ಸಂಜೆ ಕೆಲವರು ಶಾಂಭವಿ ಹೊಳೆಯಲ್ಲಿ ಕಯಾಕ್ ಹುಟ್ಟು ಹಾಕುತ್ತಾರೆ, ಕೆಲವರು ತೆಂಗಿನ ಮರದ ಕೆಳಗೆ ಬಿದ್ದುಕೊಂಡಿರುತ್ತಾರೆ. ನಾನು ಎರಡನೇ ಗುಂಪು.

ಪ್ರಶ್ನೆ: ನಾನು ಶುದ್ಧ ಸಸ್ಯಾಹಾರಿ. ಜೋಳದ ರೊಟ್ಟಿ ಇಲ್ಲದೆ ಒಂದು ದಿನ ಇರಲಾರೆ. (ಕೊಪ್ಪಳದಿಂದ ಒಬ್ಬರು)

ಉತ್ತರ: ನಾನೂ ಅದೇ ಜಾತಿಯವನು ಅಂತ ಖಡಕ್ ರೊಟ್ಟಿ ಇಪ್ಪತ್ತು ಕಟ್ಟಿಕೊಂಡು ಹೋಗಿದ್ದೆ. ನಮ್ಮಲ್ಲಿ ಹದಿನೈದು ದಿನವಾದರೂ ಕಟುಂ ಅನ್ನುವ ರೊಟ್ಟಿ ಅಲ್ಲಿ ಎರಡೇ ದಿನಕ್ಕೆ ಚರ್ಮದ ಹಾಗೆ ಬಗ್ಗಿತು. ಗಾಳಿಯಲ್ಲಿ ಅಷ್ಟು ತೇವ. ಮೂರನೇ ದಿನ ಹರಿದರೂ ಹರಿಯಲಿಲ್ಲ, ಅಡುಗೆಯ ಅಮ್ಮ ಅದನ್ನು ಹೆಂಚಿನ ಮೇಲೆ ಮತ್ತೆ ಕಾಯಿಸಿ ಕೊಟ್ಟರು, ಕೊಡುವಾಗ ತುಳುವಿನಲ್ಲಿ ಏನೋ ಹೇಳಿ ನಕ್ಕರು. ಅರ್ಥ ಕೇಳಲಿಲ್ಲ. ಶೇಂಗಾ ಚಟ್ನಿಪುಡಿ ಮಾತ್ರ ತಪ್ಪದೆ ಒಯ್ಯಿರಿ, ಡಬ್ಬಿ ಬಿಗಿಯಾಗಿರಲಿ. ನೀರುದೋಸೆಗೆ ಅದನ್ನು ಹಚ್ಚಿಕೊಂಡು ತಿಂದು ನೋಡಿ, ಆಮೇಲೆ ನನಗೆ ಪತ್ರ ಬರೆಯಿರಿ. ಕುಚ್ಚಲಕ್ಕಿ ಗಂಜಿ, ಗೋಳಿಬಜೆ, ಬನ್ಸ್ ಎಲ್ಲ ಸಿಗುತ್ತದೆ. ಪಕ್ಕದ ತಟ್ಟೆಯಲ್ಲಿ ಬಂಗುಡೆ ಇರುತ್ತದೆ, ಅದಕ್ಕೆ ಮೂಗು ಮುರಿಯಬೇಡಿ, ಅದು ಅವರ ಊರು.

ಪ್ರಶ್ನೆ: ಅಷ್ಟು ದೂರ ಯಾಕೆ? ನಮ್ಮ ಸಾಣಾಪುರ ಕೆರೆ, ಡ್ಯಾಮಿನ ಹಿನ್ನೀರು ಇಲ್ವಾ? (ಗಂಗಾವತಿ)

ಉತ್ತರ: ಆಗಲ್ಲ. ಅಲೆ ದೊಡ್ಡದಾಗಬೇಕಾದರೆ ಗಾಳಿ ಜೋರಾಗಿರಬೇಕು, ಬಹಳ ಹೊತ್ತು ಬೀಸಬೇಕು, ನೀರಿನ ಮೇಲೆ ಬಹಳ ದೂರ ಬೀಸಬೇಕು. ಅರಬ್ಬಿ ಸಮುದ್ರದ ದಡಕ್ಕೆ ಬರುವ ಅಲೆ ಎಷ್ಟೋ ಸಲ ಸಾವಿರಾರು ಕಿಲೋಮೀಟರ್ ಆಚೆ ಹುಟ್ಟಿರುತ್ತದೆ. ತುಂಗಭದ್ರಾ ಹಿನ್ನೀರು 378 ಚದರ ಕಿಲೋಮೀಟರ್ ಇದ್ದರೂ ಅಲ್ಲಿ ಬರೋದು ಪುಟ್ಟ ತೆರೆಗಳು. ಸಾಣಾಪುರದಲ್ಲಿ ತೆಪ್ಪದಲ್ಲಿ ಕೂತು ಗಿರಕಿ ಹೊಡೆಸಿಕೊಳ್ಳಿ, ಆಸೆ ತೀರುತ್ತದೆ. ಬಂಡೆ ಮೇಲಿಂದ ಹಾರೋ ಸಾಹಸ ಬೇಡ.

ಪ್ರಶ್ನೆ: ಕಡಲಲ್ಲಿ ಶಾರ್ಕ್ ಇರುವುದಿಲ್ಲವೇ? (ಬಳ್ಳಾರಿ)

ಉತ್ತರ: ತುಂಗಭದ್ರೆಯಲ್ಲಿ ಮೊಸಳೆ ಇದೆ, ಆದರೂ ನಾವು ಹೊಳೆಗೆ ಬಟ್ಟೆ ಒಗೆಯಲು ಹೋಗುತ್ತೇವಲ್ಲ?

ಪ್ರಶ್ನೆ: ಮಗಳಿಗೆ 19. ಗೆಳತಿಯರ ಜೊತೆ ಹೋಗುತ್ತೇನೆ ಅಂತ ಹಟ. ಬಟ್ಟೆಯದೇ ನನಗೆ ಚಿಂತೆ. ಅವಳಿಗೆ ಈಜೂ ಬರುವುದಿಲ್ಲ. (ರಾಯಚೂರಿನ ತಾಯಿ)

ಉತ್ತರ: ಅಕ್ಕಾ, ಬಟ್ಟೆ ಚಿಂತೆ ಬಿಡಿ. ಅಲ್ಲಿ ಗಂಡಸರೇ ಕುತ್ತಿಗೆಯಿಂದ ಮಣಿಕಟ್ಟಿನವರೆಗೆ ಮುಚ್ಚಿಕೊಂಡಿರುತ್ತಾರೆ. ಬಿಸಿಲು ಒಂದು ಕಾರಣ, ಬೋರ್ಡ್ ಉಜ್ಜಿ ಹೊಟ್ಟೆಯ ಚರ್ಮ ಕಿತ್ತುಬರುತ್ತದೆ ಅನ್ನೋದು ಇನ್ನೊಂದು. ತುಂಬುತೋಳಿನ ರ‍್ಯಾಶ್ ಗಾರ್ಡ್ (ಮೈಗೆ ಅಂಟಿ ಕೂರುವ ಈಜು ಅಂಗಿ), ಉದ್ದ ಲೆಗ್ಗಿಂಗ್ಸ್ ಸಾಕು. ಹತ್ತಿಯ ಚೂಡಿದಾರ್ ಬೇಡ, ನೆನೆದರೆ ಭಾರ, ದುಪಟ್ಟಾ ಕಾಲಿಗೆ ಸುತ್ತಿಕೊಳ್ಳುತ್ತದೆ.

ಈಜು ಬರಲ್ಲ ಅನ್ನೋದೇ ನಿಜವಾದ ಚಿಂತೆ. ಈಜು ಬರದವರಿಗೂ ಆಳವಿಲ್ಲದ ಕಡೆ ಕಲಿಸುವ ಕ್ಯಾಂಪ್‌ಗಳಿವೆ, ಆದರೂ ನನ್ನ ಮಾತು ಕೇಳಿ, ಮೊದಲು ಎರಡು ತಿಂಗಳು ಈಜುಕೊಳಕ್ಕೆ ಕಳಿಸಿ. ನಿಲ್ಲದೆ 50 ಮೀಟರ್ ಈಜಲಿ, ಅಂಗಾತ ತೇಲೋದು ಬರಲಿ. ಉಪ್ಪುನೀರಲ್ಲಿ ತೇಲೋದು ಇನ್ನೂ ಸುಲಭ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಕ್ಯಾಂಪಿನವರಿಗೆ ಫೋನ್ ಮಾಡಿ ಮೂರು ಮಾತು ಕೇಳಿ. ಒಬ್ಬ ತರಬೇತುದಾರರಿಗೆ ಎಷ್ಟು ಜನ ಕಲಿಯುವವರು? ಜೀವರಕ್ಷಕ ತರಬೇತಿ ಆದವರು ದಡದಲ್ಲಿ ಇರುತ್ತಾರಾ? ಹೊಸಬರಿಗೆ ಮೆತ್ತನೆಯ ಫೋಮ್ ಬೋರ್ಡ್ ಕೊಡುತ್ತೀರಾ? ಉತ್ತರ ತಡವರಿಸಿದರೆ ಬೇರೆ ಕ್ಯಾಂಪ್ ನೋಡಿ. ನೀವೂ ಜೊತೆಗೆ ಹೋಗಿ, ತಪ್ಪೇನಿದೆ? ನಮ್ಮ ತಂಡದಲ್ಲಿ 51 ವರ್ಷದ ಅಕ್ಕ ಒಬ್ಬರಿದ್ದರು, ನನಗಿಂತ ಮೊದಲು ಎದ್ದು ನಿಂತರು.

ಪ್ರಶ್ನೆ: ಜೂನ್‌ನಲ್ಲಿ ಹೋಗಬಹುದೇ? (ಮಾನ್ವಿ)

ಉತ್ತರ: ಬೇಡ. ಮಳೆಗಾಲದ ಕಡಲು ಒರಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಮೀನಿಗೆ ಇಳಿಯುವಂತಿಲ್ಲ. ದಸರಾ ಮುಗಿಸಿ ಹೋಗಿ, ಮೇ ಮಧ್ಯದೊಳಗೆ ಬನ್ನಿ.

ಪ್ರಶ್ನೆ: ಇದು ಶ್ರೀಮಂತರ ಆಟ ಅಲ್ವಾ? ನಮ್ಮಂಥವರು ಯಾರಾದರೂ ಇದರಲ್ಲಿ ಮೇಲೆ ಬಂದಿದ್ದಾರಾ? (ಕುಷ್ಟಗಿ)

ಉತ್ತರ: ಕ್ಯಾಂಪಿಗೆ ದುಡ್ಡು ಬೇಕು, ಸುಳ್ಳು ಹೇಳಲ್ಲ. ಆದರೆ ನಮಗೆ ಕಲಿಸಿದ ಹುಡುಗರು ಅದೇ ಹಳ್ಳಿಯ ಮೀನುಗಾರರ ಮನೆಯವರು. ಅಲೆ ಹುಟ್ಟುವ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು, ಹೇಗೆ ಅಂತ ಕೇಳಿದರೆ ‘ಕಾಣ್ತದಲ್ಲ’ ಅನ್ನುತ್ತಿದ್ದರು. ಮೂಲ್ಕಿ ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲೇ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದಿದೆ. ಒಲಿಂಪಿಕ್ಸ್‌ಗೆ ಸರ್ಫಿಂಗ್ ಬಂದದ್ದು ಟೋಕಿಯೊದಲ್ಲಿ, 2021ರಲ್ಲಿ. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದಲ್ಲಿ ಆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬೂದಿಹಾಳ್ ಕಂಚು ಗೆದ್ದರು, ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಹೆಸರು ಕೇಳಿದರೆ ನಮ್ಮ ಕಡೆಯವರೇ ಅನಿಸುತ್ತದೆ, ಅಲ್ವಾ?

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಿ, ನೀವು ಎದ್ದು ನಿಂತಿರಾ ಇಲ್ವಾ? (ಬಳ್ಳಾರಿಯ ಹಳೆಯ ಓದುಗ)

ಉತ್ತರ: ಆರನೇ ದಿನ. ನಾಲ್ಕು ಸೆಕೆಂಡ್ ಇರಬಹುದು, ನಾನು ಹತ್ತು ಅಂತ ಎಲ್ಲರಿಗೂ ಹೇಳಿದ್ದೇನೆ. ಹಿಂದಿನಿಂದ ಯಾರೋ ಎತ್ತಿ ದೂಡಿದ ಹಾಗಾಯಿತು, ಕಾಲ ಕೆಳಗೆ ಬೋರ್ಡ್ ಸರ್ರ್ ಅಂತ ಸದ್ದು ಮಾಡಿತು, ದಡ ತಾನೇ ನನ್ನ ಕಡೆ ಬರುತ್ತಿತ್ತು. ದಡದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದ ಅಜ್ಜ ಒಬ್ಬರು ನನ್ನ ಕಡೆ ಜೋರಾಗಿ ಕೈ ಬೀಸಿದರು. ಖುಷಿಯಾಗಿ ನಾನೂ ಕೈ ಬೀಸಿದೆ. ಅವರು ಹೇಳುತ್ತಿದ್ದದ್ದು ಬಲೆಯ ಮೇಲೆ ಬರಬೇಡ, ಆಚೆ ಹೋಗು ಅಂತ.