ತಡವಾಗಿ ಬಂದವರಿಗೂ ಪೂರ್ತಿ 15 ನಿಮಿಷ ಸಿಕ್ಕಿದ್ದು ಹೇಗೆ?

ನಿಮ್ಮ ಚೆಸ್ ಆಟದಲ್ಲಿ ಗಡಿಯಾರವನ್ನು ಯಾರೂ ಒತ್ತಿರಲಿಲ್ಲ, ಅಷ್ಟೇ. ಬಿಳಿ ಕಾಯಿಯ ಎದುರಾಳಿ 6 ನಿಮಿಷ ತಡವಾಗಿ ಬಂದರೂ ಅವರ ಕಡೆ 15 ನಿಮಿಷವೂ ಹಾಗೇ ಇತ್ತು ಎಂದಿದ್ದೀರಲ್ಲ, ಬೇರೆ ಕಾರಣ ಕಾಣುತ್ತಿಲ್ಲ.

ಮುಂದಿನ ಸಲ ನೀವು ಕಪ್ಪು ಕಾಯಿಯಾದರೆ, ಆರ್ಬಿಟರ್ (ತೀರ್ಪುಗಾರ) ಸುತ್ತು ಶುರು ಎಂದ ಕೂಡಲೇ ಗಡಿಯಾರದಲ್ಲಿ ನಿಮ್ಮ ಬದಿಯ ಲಿವರ್ ಒತ್ತಿ. ಎದುರಿನ ಕುರ್ಚಿ ಖಾಲಿ ಇದ್ದರೂ ಬಿಳಿಯ ಸಮಯ ಓಡಬೇಕು, ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮವೇ ಹಾಗಿದೆ. ಒತ್ತಿ ಸುಮ್ನೆ ಕೂರಬೇಡಿ, ಪರದೆಯಲ್ಲಿ 14:59 ಕಾಣುವವರೆಗೆ ನೋಡಿ. ಗಡಿಯಾರ ವಿರಾಮದಲ್ಲಿದ್ದರೆ (pause) ಲಿವರ್ ಕೆಳಗೆ ಹೋದರೂ ಅಂಕಿ ಅಲುಗಾಡುವುದಿಲ್ಲ. ನೀವೇ ಬಿಳಿಯಾದರೆ ಮೊದಲು ನಡೆ ಆಡಿ, ಅದೇ ಕೈಯಿಂದ ಒತ್ತಿ.

ಹೀಗೆ ಮಾಡಿದರೆ ಕ್ರೀಡಾ ಮನೋಭಾವ ಇಲ್ಲ ಅಂದುಕೊಳ್ಳುತ್ತಾರಾ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ತಡ ಮಾಡಿದ್ದು ನೀವಲ್ಲ ಅಲ್ವಾ? ಬಂದಾಗ ನಗುತ್ತಾ ಕೈ ಕುಲುಕಿದರೆ ಸಾಕು.

ಎಷ್ಟು ತಡವಾದರೆ ಸೋಲು ಎಂಬುದು ಟೂರ್ನಿಯಿಂದ ಟೂರ್ನಿಗೆ ಬೇರೆ. ಮೊದಲ ಸುತ್ತಿಗೂ ಮುಂಚೆಯೇ ಕೇಳಿಟ್ಟುಕೊಳ್ಳಿ.

ಆಟದ ನಡುವೆ ಗಡಿಯಾರದ ತಪ್ಪು ಕಂಡರೆ ನೀವಾಗಿಯೇ ಸಮಯ ಬದಲಿಸಬೇಡಿ. ಗಡಿಯಾರ ನಿಲ್ಲಿಸಿ ಆರ್ಬಿಟರನ್ನು ಕರೆಯಿರಿ, ಅದೂ ಬೇಗ. ರ‍್ಯಾಪಿಡ್‌ನಲ್ಲಿ (ಕಡಿಮೆ ಸಮಯದ ವೇಗದ ಚೆಸ್) ಸಾಮಾನ್ಯವಾಗಿ ಇಬ್ಬರೂ ತಲಾ 10 ನಡೆ ಮುಗಿಸಿದ ಮೇಲೆ ಸೆಟ್ಟಿಂಗ್ ಬದಲಿಸುವುದಿಲ್ಲ.