ಕೇಳಿ – ಹೇಳುತ್ತೇವೆ: ಅರ್ಧದಲ್ಲಿ ಕೈಕೊಟ್ಟ ಗಿಟಾರು

ಪ್ರ: ಅಮೆರಿಕದ ರಾಕ್ ತಂಡ ಗೈಡೆಡ್ ಬೈ ವಾಯ್ಸಸ್‌ನ ‘ಬೀ ಥೌಸಂಡ್’ ಆಲ್ಬಂನ ಸಿ.ಡಿ. ತರಿಸಿದೆ. ಮೊದಲ ಹಾಡಿನಲ್ಲೇ ಒಂದು ಗಿಟಾರು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಮಿಕ್ಕ ಹಾಡುಗಳ ಹಿಂದೆಯೂ ‘ಸ್ಸ್’ ಎಂಬ ಸದ್ದು. ಕೆಟ್ಟಿರುವುದು ಸಿ.ಡಿ.ಯೋ, ಹೆಡ್‌ಫೋನೋ? (ಶಿವಮೊಗ್ಗದಿಂದ)

ಉ: ಎರಡೂ ಕೆಟ್ಟಿಲ್ಲ, ವಾಪಸ್ ಕಳಿಸಬೇಡಿ. ಅನುಮಾನವಿದ್ದರೆ ಅದೇ ಹಾಡನ್ನು ಬೇರೊಂದು ಸ್ಪೀಕರಿನಲ್ಲಿ ಹಾಕಿ ನೋಡಿ. ಅದೇ ಜಾಗದಲ್ಲಿ ಗಿಟಾರು ಹೋದರೆ ಅದು ಮೂಲ ಟೇಪಿನದೇ. ಆ ಮೊದಲ ಹಾಡು ‘ಹಾರ್ಡ್‌ಕೋರ್ ಯುಎಫ್‌ಓಸ್’ನಲ್ಲಿ ಆದದ್ದು ಧ್ವನಿಮುದ್ರಣದ ಎಡವಟ್ಟು; ತಿದ್ದದೆ ಹಾಗೇ ಬಿಟ್ಟರು. ಅವರು ಬಳಸಿದ್ದು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ, ಅಂದರೆ ಒಂದೇ ಟೇಪಿನಲ್ಲಿ ನಾಲ್ಕು ಸಾಲುಗಳನ್ನು (ಟ್ರ್ಯಾಕು) ಬೇರೆಬೇರೆಯಾಗಿ ಮುದ್ರಿಸುವಂಥದ್ದು. ಇಂಥ ಯಂತ್ರದಲ್ಲಿ ರೆಕಾರ್ಡ್ ಗುಂಡಿ ತಪ್ಪಾದ ಟ್ರ್ಯಾಕಿನದು ಒತ್ತಿದ್ದರೆ ಸಾಕು, ಹಳೆಯದು ಅಳಿಸಿಹೋಗುತ್ತದೆ. ಮರಳಿ ತರುವ ಗುಂಡಿ ಇಲ್ಲ.

1994ರ ಜೂನ್‌ನಲ್ಲಿ ಸ್ಕ್ಯಾಟ್ ರೆಕಾರ್ಡ್ಸ್ ಹೊರತಂದ ಈ ಆಲ್ಬಂನ ಬಹುಪಾಲು ಹಾಡುಗಳು ಅಮೆರಿಕದ ಒಹಾಯೊ ರಾಜ್ಯದ ಡೇಟನ್‌ನಲ್ಲಿ, ಮನೆಗಳ ನೆಲಮಾಳಿಗೆ, ಗ್ಯಾರೇಜುಗಳಲ್ಲಿ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದ ಮೇಲೆ ಮುದ್ರಣಗೊಂಡವು. ಹಾಡು ಕಟ್ಟುವ ರಾಬರ್ಟ್ ಪೊಲಾರ್ಡ್ ಆಗ ಪ್ರಾಥಮಿಕ ಶಾಲೆಯ ಮೇಷ್ಟ್ರು. 20 ಹಾಡು, ಒಟ್ಟು 36 ನಿಮಿಷದ ಆಸುಪಾಸು. ಸದ್ದು ಒರಟು, ರಾಗ ಮಾತ್ರ ಗಟ್ಟಿ. ಆ ‘ಸ್ಸ್’ ಕ್ಯಾಸೆಟ್ ಟೇಪಿನದೇ; ಅದನ್ನು ತಗ್ಗಿಸಲು ಟ್ರೆಬಲ್ (ಮೇಲಿನ ಸ್ವರಗಳ ಮಟ್ಟ) ಇಳಿಸಿದರೆ ಅದರ ಜೊತೆಗೆ ಹಾಡಿನ ಪದಗಳೂ ಮಸುಕಾಗುತ್ತವೆ.

ಪ್ರ: ಇದೇ ಅವರ ಮೊದಲ ಆಲ್ಬಮ್ಮೇ? (ದಾವಣಗೆರೆಯಿಂದ)

ಉ: ಅಲ್ಲ, ಏಳನೆಯದು. ಹೊರಗಿನವರ ಕಿವಿಗೆ ಬಿದ್ದದ್ದು ತಡವಾಗಿ, ಅಷ್ಟೇ. ಮೊದಲನೆಯದು 1987ರ ‘ಡೆವಿಲ್ ಬಿಟ್ವೀನ್ ಮೈ ಟೋಸ್’. 1992ರ ‘ಪ್ರೊಪೆಲ್ಲರ್’ ಎಲ್.ಪಿ.ಗಳನ್ನು ಮಾಡಿಸಿದ್ದು ಬರೀ 500. ಹೊದಿಕೆಗಳನ್ನು ಒಂದೊಂದಾಗಿ ಕೈಯಲ್ಲೇ ಮಾಡಿದ್ದರು, ಒಂದರಂತೆ ಇನ್ನೊಂದಿಲ್ಲ. ‘ಬೀ ಥೌಸಂಡ್’ ಹಿಡಿಸಿದ್ದರೆ ಮುಂದೆ ಕೇಳಬೇಕಾದದ್ದು ಅದು.

ಪ್ರ: ನಮ್ಮ ಬ್ಯಾಂಡಿಗೆ ಹಳೆಯ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ ಸಿಕ್ಕಿದೆ. ಡ್ರಮ್ಸ್, ಬೇಸ್, ಎರಡು ಗಿಟಾರು, ಮೂರು ದನಿ. ಇಷ್ಟನ್ನೂ ನಾಲ್ಕರಲ್ಲಿ ಹಿಡಿಸುವುದು ಹೇಗೆ? (ಮೈಸೂರಿನಿಂದ)

ಉ: ‘ಬೌನ್ಸ್’ ಮಾಡಿ, ಅಂದರೆ ತುಂಬಿದ ಟ್ರ್ಯಾಕುಗಳನ್ನು ಬೆರೆಸಿ ಖಾಲಿಯಿರುವ ಒಂದಕ್ಕೆ ಇಳಿಸಿ. 1ರಲ್ಲಿ ಡ್ರಮ್ಸ್, 2ರಲ್ಲಿ ಬೇಸ್, 3ರಲ್ಲಿ ಒಂದು ಗಿಟಾರು ಮುದ್ರಿಸಿಕೊಳ್ಳಿ. ಮೂರನ್ನೂ ಟೇಪಿನಿಂದ ಒಟ್ಟಿಗೆ ನುಡಿಸುತ್ತಾ ಹದವಾಗಿ ಬೆರೆಸಿ 4ಕ್ಕೆ ಇಳಿಸಿ. ಇಳಿಸುವ ಹೊತ್ತಿನಲ್ಲೇ ಇನ್ನೊಂದು ವಾದ್ಯವನ್ನು ನೇರವಾಗಿ ನುಡಿಸಿ ಸೇರಿಸಬಹುದು. 4ನ್ನು ಮೊದಲಿಂದ ಕೊನೆಯವರೆಗೆ ಕೇಳಿ, ಸರಿಯಿದೆ ಎಂದಾದ ಮೇಲೆ 1, 2, 3ರ ಮೇಲೆ ಹೊಸದನ್ನು ಮುದ್ರಿಸಿ. ಇದೇ ಕ್ರಮದಲ್ಲಿ 3ಕ್ಕೆ, ಆಮೇಲೆ 2ಕ್ಕೆ ಇಳಿಸುತ್ತಾ ಹೋದರೆ 4, 3, 2, 1 ಕೂಡಿ 10 ಭಾಗದವರೆಗೂ ಹಿಡಿಯುತ್ತದೆ. ನಿಮಗೆ ಬೇಕಾದದ್ದು ಏಳು; ಒಂದೆರಡು ಬೌನ್ಸಿನಲ್ಲಿ ಮುಗಿಸಿ.

ಒಮ್ಮೆ ಬೆರೆತದ್ದನ್ನು ಮತ್ತೆ ಬಿಡಿಸಲು ಆಗದು. ಬೇಸ್ ಕಡಿಮೆಯಾಯಿತು ಎಂದು ಆಮೇಲೆ ಗೊತ್ತಾದರೆ ಡ್ರಮ್ಸಿನಿಂದಲೇ ಮತ್ತೆ ಶುರು. ಹಾಗಾಗಿ ಆ ಹದವನ್ನು ಹೆಡ್‌ಫೋನಿನಲ್ಲಿ ಮಾತ್ರ ನಂಬಬೇಡಿ, ಚಿಕ್ಕ ಸ್ಪೀಕರಿನಲ್ಲೂ ಕೇಳಿ. ಪ್ರತಿ ಬೌನ್ಸಿಗೂ ‘ಸ್ಸ್’ ಒಂದಿಷ್ಟು ಕೂಡಿಕೊಳ್ಳುತ್ತದೆ, ಮೇಲಿನ ಸ್ವರಗಳ ಹೊಳಪು ತಗ್ಗುತ್ತದೆ. ಅದಕ್ಕೇ ಮುಖ್ಯ ದನಿಯನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ; ಅದು ಎಂದೂ ಬೌನ್ಸ್ ಆಗಬಾರದು. ಇಳಿಸುವಾಗ ಟ್ರೆಬಲ್ ತುಸು ಏರಿಸಬಹುದು. ಅತಿಯಾದರೆ ಪಕ್ಕದ ಟ್ರ್ಯಾಕಿಗೆ ಸೋರಿ ‘ಕೀಂ’ ಎಂದು ಕಿರುಚುತ್ತದೆ, ಏಕೆಂದರೆ ನಾಲ್ಕೂ ಟ್ರ್ಯಾಕು 4 ಮಿಲಿಮೀಟರಿಗೂ ಕಡಿಮೆ ಅಗಲದ ಟೇಪಿನಲ್ಲಿ ಒತ್ತೊತ್ತಾಗಿ ಕೂತಿರುತ್ತವೆ.

ಟೈಪ್ 2 (‘ಕ್ರೋಮ್’ ಎನ್ನುವ ಬಗೆಯ) ಕ್ಯಾಸೆಟ್ಟೇ ತನ್ನಿ, ಅದರಲ್ಲೂ ಸಿ-60, ಅಂದರೆ ಎರಡೂ ಬದಿ ಸೇರಿ 60 ನಿಮಿಷದ್ದು. ಸಿ-90ರ ಟೇಪು ತೆಳು, ಹಿಂದೆಮುಂದೆ ಓಡಿಸಿ ಓಡಿಸಿ ಎಳೆದುಕೊಳ್ಳುತ್ತದೆ. ಇಂಥ ಹಲವು ಯಂತ್ರಗಳು ಮಾಮೂಲಿಯ ಎರಡರಷ್ಟು, ಅಂದರೆ ಸೆಕೆಂಡಿಗೆ 9.5 ಸೆಂ.ಮೀ. ವೇಗದಲ್ಲಿ ಓಡಿಸುತ್ತವೆ. ಮಗುಚಿ ಹಾಕುವಂತೆಯೂ ಇಲ್ಲ, ಎರಡೂ ಬದಿ ಒಟ್ಟಿಗೇ ಖರ್ಚಾಗುತ್ತವೆ. ಹಾಗಾಗಿ ಸಿ-60ರಲ್ಲಿ ಸಿಗುವುದು 15 ನಿಮಿಷ.

ಡ್ರಮ್ಸಿಗೆ ಒಂದೇ ಮೈಕು ಇದ್ದರೆ ಬಾರಿಸುವವರ ಬಲಭುಜದ ಹಿಂದಿನಿಂದ ಸ್ನೇರ್ (ಮುಂದಿರುವ ಚಿಕ್ಕ ಡ್ರಮ್) ಕಡೆಗೆ ಮುಖ ಮಾಡಿ ನಿಲ್ಲಿಸಿ. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಕೇಳಿಸದಿದ್ದರೆ ಮೈಕನ್ನು ಕೆಳಕ್ಕೆ ತನ್ನಿ. ಸಿಂಬಲ್ ಎಲ್ಲವನ್ನೂ ನುಂಗಿದರೆ ಬಾರಿಸುವವರಿಗೆ ಮೆಲ್ಲಗೆ ಬಾರಿಸಲು ಹೇಳಿ. ಅದಕ್ಕೆ ಬೇರೆ ಮದ್ದಿಲ್ಲ. ಯಂತ್ರದಲ್ಲಿ ಡಿಬಿಎಕ್ಸ್ ಎಂಬ ಸದ್ದು ತಗ್ಗಿಸುವ ಸೌಲಭ್ಯವಿದ್ದು ಅದನ್ನು ಹಾಕಿದರೆ ‘ಸ್ಸ್’ ಅಡಗುತ್ತದೆ, ಆದರೆ ಒಂಟಿ ಡ್ರಮ್ ಹೊಡೆತದ ಹಿಂದೆ ಅದು ಏದುಸಿರಿನ ಹಾಗೆ ಏರಿಳಿಯುವುದೂ ಉಂಟು. ಡಿಬಿಎಕ್ಸ್ ಇದ್ದಾಗ ಮೀಟರಿನ ಮುಳ್ಳು ಸೊನ್ನೆಯ ಸುತ್ತ ಇದ್ದರೆ ಸಾಕು, ಕೆಂಪಿಗೆ ತಳ್ಳಬೇಡಿ. ಕೆಲಸ ಶುರುಮಾಡುವ ಮುನ್ನ ಹೆಡ್ಡನ್ನೂ ಟೇಪು ಎಳೆಯುವ ಲೋಹದ ಕಡ್ಡಿಯನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಡ್ಸ್‌ನಿಂದ ಒರೆಸಿ. ಬಡ್ಸ್ ಕಂದು ಬಣ್ಣಕ್ಕೆ ತಿರುಗಿದರೆ ಹೊಸದು ತೆಗೆದುಕೊಂಡು, ಬೆಳ್ಳಗೆ ಉಳಿಯುವತನಕ ಒರೆಸಿ.

ಪ್ರ: ಅಣ್ಣನ ಕಾಲೇಜು ಬ್ಯಾಂಡಿನ ನಾಲ್ಕು ಟ್ರ್ಯಾಕ್ ಕ್ಯಾಸೆಟ್ ಮನೆಯಲ್ಲಿದೆ, ಯಂತ್ರ ಇಲ್ಲ. ಮಾಮೂಲಿ ಡೆಕ್ಕಿಗೆ ಹಾಕಿದರೆ ನಿಧಾನವಾಗಿ, ಗೊಗ್ಗರು ದನಿಯಲ್ಲಿ ಬರುತ್ತದೆ. ಮಗುಚಿದರೆ ಎಲ್ಲ ಹಿಂದುಮುಂದು. ಉಳಿಸಿಕೊಳ್ಳಬಹುದೇ? (ಹುಬ್ಬಳ್ಳಿಯಿಂದ)

ಉ: ಆಗುತ್ತದೆ. ಡೆಕ್ಕಿನ ಡಾಲ್ಬಿಯನ್ನು (ಇದೂ ‘ಸ್ಸ್’ ತಗ್ಗಿಸುವ ಸೌಲಭ್ಯ) ಆಫ್ ಮಾಡಿ, ಎರಡೂ ಬದಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮೊದಲ ಬದಿಯ ಎಡ ಚಾನೆಲ್ 1ನೇ ಟ್ರ್ಯಾಕು, ಬಲ 2ನೆಯದು. ಮಗುಚಿದ ಬದಿಯ ಎಡ 4ನೆಯದು, ಬಲ 3ನೆಯದು. ಈ ಜೋಡಿಯನ್ನು ಆಡಾಸಿಟಿಯಂಥ ಸಾಫ್ಟ್‌ವೇರಿನಲ್ಲಿ ತಿರುವುಮುರುವು ಮಾಡಿ. ಆಮೇಲೆ ನಾಲ್ಕರ ವೇಗವನ್ನೂ ಎರಡು ಪಟ್ಟು ಮಾಡಿ. ಶ್ರುತಿಯೂ ಜೊತೆಗೇ ಏರುವ ಆಯ್ಕೆಯನ್ನೇ ಬಳಸಬೇಕು, ಶ್ರುತಿ ಬದಲಿಸದೆ ವೇಗ ಮಾತ್ರ ಏರಿಸುವುದನ್ನಲ್ಲ.

ಎರಡು ಸಲ ಬೇರೆಬೇರೆಯಾಗಿ ಓಡಿಸಿದ್ದರಿಂದ ಜೋಡಿಗಳ ತಾಳ ಒಂದಕ್ಕೊಂದು ಕೂಡುವುದಿಲ್ಲ. ಮೊದಲ ಡ್ರಮ್ ಹೊಡೆತಕ್ಕೆ ಸರಿಯಾಗಿ ಕೂರಿಸಿ, ಕೊನೆಯ ಹೊಡೆತ ಎಷ್ಟು ಜಾರಿದೆ ನೋಡಿ, ಒಂದು ಜೋಡಿಯನ್ನು ಅಷ್ಟೇ ಹಿಗ್ಗಿಸಿ. ಅಣ್ಣನವರು ಡಿಬಿಎಕ್ಸ್ ಹಾಕಿ ಮುದ್ರಿಸಿದ್ದರೆ ಮೆಲುದನಿ, ಏರುದನಿ ಎರಡೂ ಒಂದೇ ಮಟ್ಟಕ್ಕೆ ಅದುಮಿದಂತೆ, ತುಸು ಚುಚ್ಚುವ ಹಾಗೆ ಕೇಳಿಸುತ್ತದೆ. ಹಾಗಿದ್ದರೆ ಡಿಬಿಎಕ್ಸ್ ಇರುವ ನಾಲ್ಕು ಟ್ರ್ಯಾಕಿನ ಯಂತ್ರವನ್ನೇ ಒಂದು ದಿನದ ಮಟ್ಟಿಗೆ ಎರವಲು ತನ್ನಿ.