ಆಟದ ಪೀರಿಯಡ್‌ನಲ್ಲಿ ನನ್ನ ಮಗಳು ಏನು ಮಾಡಬಹುದು?

ಪ್ರಶ್ನೆ: ಮಗಳಿಗೆ 5 ವರ್ಷ. ಹುಟ್ಟಿನಿಂದ ಸ್ಪೈನಾ ಬೈಫಿಡಾ (ಬೆನ್ನುಮೂಳೆ, ಬೆನ್ನುಹುರಿ ಪೂರ್ತಿ ಮುಚ್ಚಿಕೊಳ್ಳದ ತೊಂದರೆ), ಎಲ್-4 ಮಟ್ಟದಲ್ಲಿ, ಅಂದರೆ ಸೊಂಟದ ನಾಲ್ಕನೇ ನರದ ಹತ್ತಿರ. ಬೆನ್ನಿನ ಆಪರೇಷನ್ ಆಗಿದೆ, ತಲೆಯಲ್ಲಿ ತುಂಬುವ ನೀರು ಇಳಿಸಲು ಶಂಟ್ (ಸಣ್ಣ ಕೊಳವೆ) ಹಾಕಿದ್ದಾರೆ. ಕಾಲಿಗೆ ಆಧಾರ ಕೊಡುವ ಬ್ರೇಸ್ ಹಾಕಿದರೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೆ. ಹಂಗೇರಿಯ ಕಂಡಕ್ಟಿವ್ ಎಜುಕೇಶನ್ ಎಂಬ ತರಬೇತಿ ಕೊಡಿಸಿದರೆ ಪೂರ್ತಿ ನಡೆಯುತ್ತಾಳೆ ಅನ್ನುತ್ತಾರೆ. ನಿಜಾನಾ? ಶಾಲೆಯಲ್ಲಿ ಆಟದ ಹೊತ್ತಿಗೆ ಸುಮ್ನೆ ಕೂರಿಸುತ್ತಾರೆ.

ಉತ್ತರ: ಆ ನಾಲ್ಕು ಹೆಜ್ಜೆ ಸಣ್ಣ ವಿಷಯ ಅಲ್ಲ. ಎಲ್-4 ಅಂದರೆ ಸಾಮಾನ್ಯವಾಗಿ ಮಂಡಿ ನೆಟ್ಟಗೆ ಮಾಡುವ ತೊಡೆಯ ಸ್ನಾಯು ಕೆಲಸ ಮಾಡುತ್ತದೆ, ನೆಲ ಒತ್ತಿ ಮುಂದೆ ಸಾಗಿಸುವ ಮೀನಖಂಡ ಮಾಡುವುದಿಲ್ಲ. ಇಂಥ ಹಲವು ಮಕ್ಕಳು ಬ್ರೇಸ್ ಮತ್ತು ಊರುಗೋಲಿನ ಜೊತೆ ನಡೆಯುತ್ತಾರೆ. ಆದರೆ ಹೋದ ನರವನ್ನು ಯಾವ ವ್ಯಾಯಾಮವೂ ವಾಪಸ್ ತರುವುದಿಲ್ಲ. ತರುತ್ತೇವೆ ಅನ್ನುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ.

ಕಂಡಕ್ಟಿವ್ ಎಜುಕೇಶನ್ 1940ರ ದಶಕದಲ್ಲಿ ಬುಡಾಪೆಸ್ಟ್‌ನಲ್ಲಿ ಆಂದ್ರಾಶ್ ಪೆಟೊ ಎಂಬ ವೈದ್ಯರು ಶುರುಮಾಡಿದ್ದು. ಹೆಚ್ಚಾಗಿ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಯ ಚಲನೆ ಕೆಡುವ ಸ್ಥಿತಿ) ಇರುವ ಮಕ್ಕಳಿಗೆ ಬಳಸುತ್ತಾರೆ, ಸ್ಪೈನಾ ಬೈಫಿಡಾ ಇರುವವರಿಗೂ ಉಂಟು. ಅಲ್ಲಿ ಮೈ ಆಡಿಸುವುದನ್ನೂ ಪಾಠದ ಹಾಗೆ ಕಲಿಸುತ್ತಾರೆ. ಮಕ್ಕಳು ಗುಂಪಿನಲ್ಲಿ, ಮಾಡುವ ಕೆಲಸವನ್ನು ಬಾಯಲ್ಲಿ ಹೇಳಿಕೊಂಡು, ಎಣಿಸುತ್ತ ಮಾಡುತ್ತಾರೆ: ‘ನಾನು ಎದ್ದು ನಿಲ್ತೀನಿ, ಒಂದು, ಎರಡು, ಮೂರು...’ ನನಗೆ ಬಹಳ ಇಷ್ಟವಾದ ಭಾಗ ಇದೇ. ಶಂಟ್ ಇರುವ ಕೆಲವು ಮಕ್ಕಳಿಗೆ ಒಂದಾದ ಮೇಲೆ ಒಂದು ಏನು ಮಾಡಬೇಕು ಅನ್ನೋದು ತಪ್ಪಿಹೋಗುತ್ತದೆ, ಹೇಳಿಕೊಂಡು ಮಾಡಿದರೆ ನೆನಪಿರುತ್ತದೆ. ಇದಕ್ಕೆ ಹಂಗೇರಿಗೆ ಹೋಗಬೇಕಿಲ್ಲ. ಮಂಚದಿಂದ ಕುರ್ಚಿಗೆ ಜರುಗುವುದು, ಸಾಕ್ಸ್ ಹಾಕಿಕೊಳ್ಳುವುದು, ಇವನ್ನೇ ನಿಮ್ಮ ಫಿಸಿಯೋಥೆರಪಿಸ್ಟ್ ಜೊತೆ ಕೂತು ಪಾಠವಾಗಿ ಮಾಡಿಕೊಳ್ಳಿ. ಸಾಕ್ಸ್‌ಗೆ ಹತ್ತು ನಿಮಿಷ ಹಿಡಿಯಲಿ, ನೀವು ಕೈ ಹಾಕಬೇಡಿ.

ದೂರ ಹೋಗಲು ವೀಲ್‌ಚೇರ್ ಕೊಡಿಸಿ. ನಡಿಗೆ ಮರೆತುಹೋಗುತ್ತದೆ ಎಂದು ಹೆದರಬೇಡಿ. ಸುಸ್ತಾಗದೆ ಮೈದಾನ ತಲುಪಿದರೆ ತಾನೇ ಆಡಲು ಶಕ್ತಿ ಉಳಿಯೋದು?

ಅವಳ ಪಾದಕ್ಕೆ ಸ್ಪರ್ಶ ಕಡಿಮೆ ಇರುತ್ತದೆ. ಬ್ರೇಸ್ ತೆಗೆದಾಗಲೆಲ್ಲ ಚರ್ಮ ನೋಡಿ. ಅರ್ಧ ಗಂಟೆಯಾದರೂ ಕೆಂಪು ಹೋಗದಿದ್ದರೆ ಬ್ರೇಸ್ ಸರಿಮಾಡಿಸಿ. ಬಿಸಿಲಿಗೆ ಕಾದ ಸಿಮೆಂಟ್ ಮೇಲೆ ತೆವಳಲು ಬಿಡಬೇಡಿ. ಈ ಮಕ್ಕಳಿಗೆ ಲ್ಯಾಟೆಕ್ಸ್ ಅಲರ್ಜಿ ಜಾಸ್ತಿ, ಹಾಗಾಗಿ ಬಲೂನ್, ರಬ್ಬರ್ ಬ್ಯಾಂಡ್ ಬೇಡ. ನಡಿಗೆ ಕೆಡುತ್ತ ಬಂದರೆ, ಬೆನ್ನು ನೋವು ಬಂದರೆ, ಮೂತ್ರದಲ್ಲಿ ಬದಲಾವಣೆ ಕಂಡರೆ ನ್ಯೂರೋಸರ್ಜನ್‌ಗೆ ತೋರಿಸಿ. ತಲೆನೋವು, ವಾಂತಿ, ಮಂಪರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಶಂಟ್ ಕಟ್ಟಿಕೊಂಡಿರಬಹುದು.

ಶಾಲೆಯ ಮಾತು. ಟೀಚರ್‌ಗೆ ಹೆದರಿಕೆ ಇರುತ್ತದೆ, ಅದು ಸಹಜ ಅಲ್ವಾ? ಒಂದು ದಿನ ಆಟದ ಹೊತ್ತಿಗೆ ನೀವೇ ಹೋಗಿ. ಕೂತು ಚೆಂಡು ಎಸೆಯುವುದು, ಗುರಿ ಇಡುವುದು ಅವಳಿಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ತೋರಿಸಿ. ಉಳಿದ ಮಕ್ಕಳನ್ನೂ ಅವಳ ಜೊತೆ ನೆಲದ ಮೇಲೆ ಕೂರಿಸಿ ಆಡಿಸಲು ಕೇಳಿ.